ಕೊನೇ ಗುಂಪಿನವ್ರು

2024ರ ಜೂನ್ 29, ಶನಿವಾರ. ಕುಮಟಾದಲ್ಲಿ ಬೆಳಿಗ್ಗೆಯಿಂದ ಒಂದೇ ಸಮ ಮಳೆ, ಅಂಗಡಿಗೆ ಗಿರಾಕಿ ಇಲ್ಲ, ಮಧ್ಯಾಹ್ನ ಹೋದ ಕರೆಂಟ್ ಸಂಜೆ ಆದ್ರೂ ಬಂದಿರ್ಲಿಲ್ಲ, ಜೆರಾಕ್ಸ್ ಮಷಿನ್ ಮೇಲೆ ಪ್ಲಾಸ್ಟಿಕ್ ಹೊದೆಸಿ ಶಟರ್ ಅರ್ಧ ಎಳ್ಕೊಂಡು ನಾನೂ ನನ್ನ ಸೈಕಲ್ ಜೊತೆಗಾರನೂ ಒಂದೇ ಮೊಬೈಲ್ ನೋಡ್ತಾ ಕೂತಿದ್ವಿ. ಮೂರು ವಾರ ನಡೆಯೋ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಮೊದಲನೇ ದಿನ. ಆ ಸಲ ಶುರುವಾಗಿದ್ದು ಇಟಲಿಯಲ್ಲಿ, ಫ್ಲಾರೆನ್ಸ್‌ನಿಂದ ರಿಮಿನಿಗೆ 206 ಕಿಲೋಮೀಟರ್, ಮೊದಲ ದಿನವೇ 3,600 ಮೀಟರ್ ಹತ್ತೋದು. ಇಲ್ಲಿ ಹೊರಗೆ ಕೈ ಚಾಚಿದ್ರೆ ಕೈ ಕಾಣದಷ್ಟು ಮಳೆ, ಅಲ್ಲಿ ಸುಡುಸುಡು ಬಿಸಿಲು, ರೈಡರ್‌ಗಳ ಜೆರ್ಸಿ ಮೇಲೆಲ್ಲ ಬೆವರಿನ ಉಪ್ಪು ಬಿಳೀ ಗೆರೆ ಕಟ್ಟಿತ್ತು.

ಮೊದಲನೇ ಏರಿನಲ್ಲೇ ಬ್ರಿಟನ್ನಿನ ಸ್ಪ್ರಿಂಟರ್, ಅಂದ್ರೆ ಸಪಾಟು ರಸ್ತೆಯ ಕೊನೇ ಓಟದಲ್ಲಿ ಗೆಲ್ಲೋ ರೈಡರ್, ಮಾರ್ಕ್ ಕ್ಯಾವೆಂಡಿಶ್ ಹಿಂದೆ ಬಿದ್ದ. 39 ವರ್ಷ ಅವ್ನಿಗೆ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಿಂದ 1975ರ ಒಳಗೆ ಟೂರ್‌ನಲ್ಲಿ ಗೆದ್ದ 34 ಸ್ಟೇಜ್‌ಗಳ (ಒಂದೊಂದು ದಿನದ ರೇಸ್‌ಗೆ ಸ್ಟೇಜ್ ಅಂತಾರೆ) ದಾಖಲೆಯನ್ನ 2021ರಲ್ಲಿ ಸರಿಗಟ್ಟಿ ಆಗಿತ್ತು, ಇನ್ನೊಂದು ಗೆದ್ರೆ ಅದು ಅವ್ನೊಬ್ಬಂದೇ. 2023ರಲ್ಲಿ ಅದೇ ಆಸೆಯಿಂದ ಬಂದು ಎಂಟನೇ ಸ್ಟೇಜಲ್ಲಿ ಬಿದ್ದು ಕಾಲರ್ ಬೋನ್ ಮುರ್ಕೊಂಡು ಮನೆಗೆ ಹೋಗಿದ್ದ, ನಿವೃತ್ತಿ ಅಂತ ಹೇಳಿದ್ದನ್ನೂ ಬಿಟ್ಟು ಇನ್ನೊಂದು ವರ್ಷ ಅಂತ ವಾಪಸ್ ಬಂದಿದ್ದ. ಅಂಥವ್ನು ಮೊದಲನೇ ದಿನ, ಇನ್ನೂ 150 ಕಿಲೋಮೀಟರ್ ಬಾಕಿ ಇರೋವಾಗ, ರಸ್ತೆ ಪಕ್ಕ ವಾಂತಿ ಮಾಡ್ಕೊಳ್ತಾ ಪೆಡಲ್ ತುಳೀತಾ ಇದ್ದಾನೆ. ನನ್ನ ಹೊಟ್ಟೆಯಲ್ಲೂ ಏನೋ ಕಿವುಚಿದ ಹಾಗೆ ಆಯ್ತು.

ಆದ್ರೆ ನಾನು ಇವತ್ತು ಬರೀಬೇಕು ಅಂತ ಕೂತಿದ್ದು ಅವನ ಬಗ್ಗೆ ಅಲ್ಲ, ಅವನ ಸುತ್ತ ಇದ್ದವ್ರ ಬಗ್ಗೆ. ಅವನ ಅಸ್ತಾನಾ ಟೀಂನ ಹುಡುಗರು ಅವನ ಜೊತೆಗೆ ನಿಂತ್ರು. ಒಬ್ಬ ಮುಂದೆ ಗಾಳಿ ತಡೀತಾ, ಒಬ್ಬ ಪಕ್ಕದಲ್ಲಿ ಬಾಟಲಿ ನೀರು ಅವನ ಕುತ್ತಿಗೆ ಮೇಲೆ ಸುರೀತಾ, ಅವನು ಎಷ್ಟು ನಿಧಾನಕ್ಕೆ ಹೋಗ್ತಾನೋ ಅಷ್ಟೇ ನಿಧಾನಕ್ಕೆ ತಾವೂ ಹೋಗ್ತಾ. ಟೂರ್‌ಗೆ ಆಯ್ಕೆ ಆಗೋದೇ ಒಬ್ಬ ರೈಡರ್ ಜೀವನದ ದೊಡ್ಡ ವಿಷ್ಯ, ಆ ಸಲ 22 ಟೀಂ, ಟೀಂಗೆ 8 ಜನ, ಒಟ್ಟು 176 ಜನ ಅಷ್ಟೆ, ಅದ್ರೊಳಗೆ ಜಾಗ ಸಿಕ್ಕವ್ರು ಮೊದಲ ದಿನವೇ ತಮ್ಮ ರೇಸ್ ಬಿಟ್ಟು ಒಬ್ಬ ಹುಷಾರಿಲ್ಲದವ್ನನ್ನ ದಡ ಮುಟ್ಸೋಕೆ ಹಿಂದೆ ಉಳಿದ್ರು.

ದಡ ಅಂದ್ರೆ ಏನು ಅಂತ ಹೇಳ್ಬೇಕು, ಸೈಕಲ್ ರೇಸ್ ನೋಡದವ್ರಿಗೆ ಇದು ಗೊತ್ತಿರಲ್ಲ. ಟೂರ್‌ನಲ್ಲಿ ಪ್ರತಿ ದಿನ ಟೈಮ್ ಲಿಮಿಟ್ ಇರ್ತದೆ. ಗೆದ್ದವ್ನು ತಗೊಂಡ ಸಮಯಕ್ಕೆ ಇಂತಿಷ್ಟು ಪರ್ಸೆಂಟ್ ಸೇರಿಸ್ತಾರೆ, ಆ ದಿನದ ದಾರಿ ಎಷ್ಟು ಕಷ್ಟ, ಗೆದ್ದವ್ನ ಸ್ಪೀಡ್ ಎಷ್ಟು ಅನ್ನೋದರ ಮೇಲೆ ಆ ಪರ್ಸೆಂಟ್ ಹೆಚ್ಚು ಕಮ್ಮಿ ಆಗ್ತದೆ. ಅದ್ರೊಳಗೆ ಗೆರೆ ದಾಟದೇ ಇದ್ರೆ ನಾಳೆ ಇಲ್ಲ, ಬ್ಯಾಗ್ ಕಟ್ಕೊಂಡು ಮನೆಗೆ. ಅಂದ್ರೆ ಮುಂದಿನವ್ರು ಜೋರಾಗಿ ಹೋದಷ್ಟೂ ಹಿಂದಿನವ್ರ ಕುತ್ತಿಗೆಗೆ ಹಗ್ಗ ಬಿಗೀತದೆ. ಅದಕ್ಕೇ ಬೆಟ್ಟದ ದಿನಗಳಲ್ಲಿ ಹಿಂದೆ ಒಂದು ಗುಂಪು ತಾನಾಗೇ ಕಟ್ಕೊಳ್ತದೆ, ಇಟಾಲಿಯನ್‌ನಲ್ಲಿ ಅದಕ್ಕೆ ಗ್ರುಪೆಟ್ಟೊ ಅಂತಾರೆ, ಸಣ್ಣ ಗುಂಪು ಅಂತಷ್ಟೇ ಅರ್ಥ. ಸ್ಪ್ರಿಂಟರ್‌ಗಳು, ಬಿದ್ದು ಗಾಯ ಆದವ್ರು, ಜ್ವರ ಬಂದವ್ರು, ತಮ್ಮ ನಾಯಕನಿಗೆ ಬೆಳಿಗ್ಗೆಯಿಂದ ದುಡಿದು ಸುಸ್ತಾದವ್ರು, ಎಲ್ಲಾ ಟೀಂನವ್ರೂ ಅಲ್ಲಿ ಒಟ್ಟಿಗೆ. ಏರಿನಲ್ಲಿ ಯಾರೂ ಎಗರಾಡೋ ಹಾಗಿಲ್ಲ, ಒಂದೇ ಹದ. ಇಳಿಜಾರು, ಸಪಾಟು ಬಂದಾಗ ಸರದಿ ಮೇಲೆ ಮುಂದೆ ಬಂದು ಜೀವ ಬಿಟ್ಟು ತುಳೀತಾರೆ, ಕಳೆದುಕೊಂಡ ನಿಮಿಷ ಅಲ್ಲೇ ವಾಪಸ್ ತಗೋಬೇಕು. ಎಷ್ಟು ನಿಮಿಷ ಖರ್ಚು ಮಾಡ್ಬಹುದು ಅಂತ ಯಾರೋ ಒಬ್ಬ ಅನುಭವಸ್ಥ ಲೆಕ್ಕ ಇಡ್ತಾ ಇರ್ತಾನೆ. ಹಿಂದೆ ಕ್ಯಾವೆಂಡಿಶ್ ಜೊತೆ ಆಸ್ಟ್ರಿಯಾದ ಬರ್ನ್‌ಹಾರ್ಡ್ ಐಸೆಲ್ ಅನ್ನೋನಿದ್ದ, ಆ ಲೆಕ್ಕಕ್ಕೇ ಹೆಸರುವಾಸಿ.

ಟಿವಿ ಕ್ಯಾಮರಾ ಈ ಗುಂಪನ್ನ ತೋರ್ಸೋದು ದಿನಕ್ಕೆ ಎರಡೋ ಮೂರೋ ನಿಮಿಷ. ನಾನು ಆ ಮೂರು ನಿಮಿಷಕ್ಕೆ ಕಾಯ್ತೇನೆ. ಮುಂದೆ ಟೂರ್ ಗೆಲ್ಲೋ ಪೊಗಾಚಾರ್‌ನಂಥವ್ನು ಹಾರಿ ಹೋಗೋದು ನೋಡೋಕೆ ಚಂದವೇ, ಯಾರು ಬೇಡ ಅಂತಾರೆ, ಆದ್ರೆ ಅದ್ರಲ್ಲಿ ನಾನು ಕಲಿಯೋದು ಏನೂ ಇಲ್ಲ, ಅದು ಆಕಾಶದಲ್ಲಿ ಗರುಡ ನೋಡಿದ ಹಾಗೆ. ವಾರಕ್ಕೆ ಐದು ದಿನ ಬೆಳಿಗ್ಗೆ ಐದಕ್ಕೆದ್ದು ಎರಡು ಗಂಟೆ ಸೈಕಲ್ ಹೊಡೆದು ಒಂಬತ್ತಕ್ಕೆ ಅಂಗಡಿ ಬಾಗಿಲು ತೆಗೆಯೋ, ವರ್ಷಕ್ಕೆ ನಾಲ್ಕೈದು ರೇಸ್‌ಗೆ ಹೋಗೋ ನನ್ನಂಥವ್ನಿಗೆ ಪಾಠ ಇರೋದು ಆ ಕೊನೇ ಗುಂಪಲ್ಲಿ. ಇದು ನಂಗೆ ಟಿವಿಯಿಂದ ಗೊತ್ತಾಗಿದ್ದಲ್ಲ, ಮೊದಲು ರಸ್ತೆ ಮೇಲೆ ಗೊತ್ತಾಯ್ತು, ಆಮೇಲೆ ಟಿವಿಯಲ್ಲಿ ಕಂಡ್ತು.

ಅದು ಧಾರವಾಡದ ಆಚೆ, ನವಲಗುಂದ ಕಡೆ ಹೋಗೋ ಬಯಲು. ನವೆಂಬರ್ ತಿಂಗಳು, ಒಂದು ಅಮೆಚೂರ್ ರೇಸ್, ಅಂದ್ರೆ ನಮ್ಮಂಥ ಹವ್ಯಾಸಿಗಳದ್ದು, 84 ಕಿಲೋಮೀಟರ್. ನಾವು ಕರಾವಳಿಯವ್ರು, ನಮ್ಗೆ ರಸ್ತೆ ಅಂದ್ರೆ ಒಂದು ಬದಿ ಗುಡ್ಡ ಇನ್ನೊಂದು ಬದಿ ಗದ್ದೆಯೋ ಹೊಳೆಯೋ ಇರ್ಬೇಕು, ಅಲ್ಲಿ ಕಣ್ಣು ಹಾಯ್ಸಿದಷ್ಟು ದೂರ ಕರಿ ಮಣ್ಣು, ಜೋಳ, ಕಡಲೆ, ಒಂದು ಮರ ಅಡ್ಡ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ಬಂದಿದ್ರು. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದ್ರೆ ಆ ಕಡೆ ಮಣ್ಣೇ, ಕ್ರೀಡಾ ಹಾಸ್ಟೆಲ್‌ಗಳಲ್ಲಿ ಬೆಳೆದವ್ರು, ಸಣ್ಣ ಸಣ್ಣ ಹಳ್ಳಿಯ ಮಕ್ಕಳು, ಹುಡುಗೀರೂ ಅಷ್ಟೇ ಗಟ್ಟಿ. ಸ್ಟಾರ್ಟ್ ಲೈನಲ್ಲಿ ಅವ್ರ ಕಾಲು ನೋಡಿದ್ರೆ ಇವತ್ತು ಏನಾಗ್ತದೆ ಅಂತ ಗೊತ್ತಾಗ್ತಿತ್ತು.

ಮೊದಲ 30 ಕಿಲೋಮೀಟರ್ ಏನೂ ಆಗ್ಲಿಲ್ಲ. ಆಮೇಲೆ ರಸ್ತೆ ಬಲಕ್ಕೆ ತಿರುಗ್ತು, ಗಾಳಿ ಪಕ್ಕಕ್ಕೆ ಬಂತು. ಅಡ್ಡಗಾಳಿ. ಗಾಳಿ ಎದುರಿಂದ ಬಂದ್ರೆ ಮುಂದಿನವ್ನ ಬೆನ್ನ ಹಿಂದೆ ಕೂತ್ಕೊಂಡ್ರೆ ಮೂರರಲ್ಲಿ ಒಂದು ಪಾಲು ಶಕ್ತಿ ಉಳೀತದೆ, ಅದು ಎಲ್ಲರಿಗೂ ಗೊತ್ತು. ಗಾಳಿ ಓರೆಯಾಗಿ ಬಂದಾಗ ಆಸರೆ ಇರೋದು ಮುಂದಿನವ್ನ ನೇರ ಹಿಂದೆ ಅಲ್ಲ, ಅವನ ಪಕ್ಕಕ್ಕೆ ಸ್ವಲ್ಪ ಹಿಂದೆ. ಹಾಗಾಗಿ ಬಲ್ಲವ್ರು ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ತಾರೆ, ಸಂಜೆ ಹೊತ್ತು ಗದ್ದೆ ಮೇಲೆ ಬೆಳ್ಳಕ್ಕಿ ಸಾಲು ಓರೆಯಾಗಿ ಹೋಗ್ತದಲ್ಲ ಹಾಗೆ. ಎಶೆಲಾನ್ ಅಂತಾರೆ ಅದಕ್ಕೆ. ರಸ್ತೆ ಅಗಲ ಎಷ್ಟೋ ಅಷ್ಟೇ ಜನಕ್ಕೆ ಅದ್ರಲ್ಲಿ ಜಾಗ, ಹತ್ತೋ ಹನ್ನೆರಡೋ ಜನ. ಹದಿಮೂರನೆಯವ್ನು ರಸ್ತೆ ಅಂಚಲ್ಲಿ, ಡಾಂಬರ್ ಮುಗಿದು ಜಲ್ಲಿ ಶುರುವಾಗೋ ಜಾಗದಲ್ಲಿ, ಪೂರ್ತಿ ಗಾಳಿಗೆ ಒಬ್ಬನೇ. ನಾನು ಆ ಹದಿಮೂರನೆಯವ್ನು. ಬೆಲ್ಜಿಯಂ ರೇಸ್‌ಗಳಲ್ಲಿ ಈ ಆಟ ನೂರು ಸಲ ನೋಡಿದ್ದೆ, ಎಶೆಲಾನ್ ಕಟ್ಟೋಕೆ ಮುಂಚೆ ಮುಂದೆ ಇರ್ಬೇಕು ಅಂತ ಬಾಯಿಪಾಠ ಇತ್ತು, ಆದ್ರೆ ತಿರುವು ಬಂದಾಗ ನಾನು ಬಾಟಲಿಯಿಂದ ನೀರು ಕುಡೀತಾ ಇಪ್ಪತ್ತೈದನೇ ಜಾಗದಲ್ಲಿದ್ದೆ. ಎರಡೇ ನಿಮಿಷ. ಮುಂದಿನ ಚಕ್ರಕ್ಕೂ ನನಗೂ ಒಂದು ಸೈಕಲ್ ಉದ್ದ ಸಂದು, ಆಮೇಲೆ ನಾಲ್ಕು ಸೈಕಲ್ ಉದ್ದ, ಆಮೇಲೆ ಅವ್ರು ಚುಕ್ಕಿ.

ನನ್ನ ಜೊತೆಗಾರ, ಮೇಲೆ ಹೇಳಿದ್ನಲ್ಲ ಅಂಗಡಿಯಲ್ಲಿ ಮೊಬೈಲ್ ನೋಡ್ತಾ ಕೂತಿದ್ದ ಅಂತ, ಅವ್ನು ಮುಂದಿನ ಸಾಲಲ್ಲಿದ್ದ. ತದಡಿ ಬಂದರಲ್ಲಿ ಕೆಲಸ ಅವ್ನದ್ದು, ಬೋಟ್ ಬಂದಾಗ ಮೀನು ಇಳಿಸೋದು, ಐಸ್ ಹಾಕಿ ಬಾಕ್ಸ್ ತುಂಬೋದು, ಕೆಲವು ಸಲ ಬೋಟ್ ಮೇಲೂ ಹೋಗ್ತಾನೆ. ವಯಸ್ಸಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವ್ನು. ಅವ್ನಿಗೆ ಎಶೆಲಾನ್ ಅಂತ ಹೆಸರೂ ಗೊತ್ತಿರ್ಲಿಲ್ಲ, ಆದ್ರೆ ಗಾಳಿ ಯಾವ ಬದಿಯಿಂದ ಬರ್ತದೆ ಅಂತ ನೋಡೋದು ಅವ್ನಿಗೆ ಉಸಿರಾಟದ ಹಾಗೆ, ತಿರುವು ಬರೋಕೆ ಮುಂಚೆನೇ ಸರಿದು ಮುಂದೆ ಹೋಗಿದ್ದ. ಆ ದಿನ ಅವ್ನು ಮೊದಲ ಹತ್ತರೊಳಗೆ ಬರ್ತಿದ್ದ, ಅದ್ರಲ್ಲಿ ನಂಗೆ ಅನುಮಾನ ಇಲ್ಲ.

ನಾನು ಒಬ್ಬನೇ ತುಳೀತಾ ಇದ್ದೆ. ಗಾಳಿ ತಡೆ ಅನ್ನೋದು ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರ್ತದೆ, ಅದನ್ನ ಗೆಲ್ಲೋಕೆ ಬೇಕಾದ ಪವರ್ ಘನದ ಲೆಕ್ಕದಲ್ಲಿ, ಅಂದ್ರೆ ಸ್ಪೀಡ್ ಎರಡರಷ್ಟಾದ್ರೆ ಪವರ್ ಎಂಟರಷ್ಟು ಬೇಕು, ಇದನ್ನ ಓದಿದಾಗ ಬರೀ ಲೆಕ್ಕ, ಆ ಬಯಲಲ್ಲಿ ಒಬ್ಬನೇ ಇದ್ದಾಗ ಅದು ತೊಡೆಯಲ್ಲಿ ಉರಿ. ಗೆದ್ದವ್ರು ಬಂದ ಅರ್ಧ ಗಂಟೆಗೆ ರಸ್ತೆ ಬಿಟ್ಟುಕೊಡಬೇಕು, ಅಷ್ಟರೊಳಗೆ ಬರದವ್ರಿಗೆ ಲೆಕ್ಕ ಇಲ್ಲ ಅಂತ ಮೊದಲೇ ಹೇಳಿದ್ರು. ಬಿಟ್ಟುಬಿಡೋಣ ಅಂತ ಮನಸ್ಸು ಮಾಡಿ ಆಗಿತ್ತು. ಆಗ ಮುಂದೆ ದೂರದಲ್ಲಿ ಒಬ್ಬ ನಿಧಾನಕ್ಕೆ ಹೋಗ್ತಾ ತಿರುಗಿ ತಿರುಗಿ ನೋಡ್ತಾ ಇರೋದು ಕಾಣ್ತು. ಪಂಕ್ಚರ್ ಆಗಿರ್ಬೇಕು ಅಂದ್ಕೊಂಡೆ. ಹತ್ರ ಹೋದ್ರೆ ಇವ್ನೇ.

"ಎಂತ ಆಯ್ತು ಮಾರಾಯಾ" ಅಂದೆ.

"ಎಂತದೂ ಆಗ್ಲಿಲ್ಲ ಅಣ್ಣ, ನೀವು ಒಬ್ರೇ ಗಾಳಿಯಲ್ಲಿ ಸಿಕ್ಕಿದ್ರಿ. ಬನ್ನಿ, ನನ್ನ ಎಡಕ್ಕೆ ಬನ್ನಿ."

ಅಷ್ಟೇ ಅವ್ನು ಹೇಳಿದ್ದು. ಆಮೇಲೆ ಹಿಂದಿಂದ ಇನ್ನೂ ನಾಲ್ಕು ಜನ ಬಂದು ಸೇರಿದ್ರು, ಹುಬ್ಬಳ್ಳಿಯವ್ರಿಬ್ರು, ದಾವಣಗೆರೆಯವ್ನೊಬ್ಬ, ಇನ್ನೊಬ್ಬ ಯಾವ ಊರೋ ಕೇಳೋಕೆ ಆಗ್ಲಿಲ್ಲ. ಆರು ಜನ ಓರೆ ಸಾಲು ಕಟ್ಕೊಂಡು, ನಾವಿಬ್ರನ್ನ ಬಿಟ್ರೆ ಯಾರಿಗೂ ಯಾರೂ ಪರಿಚಯ ಇಲ್ಲ, ಮೊಣಕೈ ಅಲ್ಲಾಡ್ಸಿ ಸರದಿ ಕೊಡೋದು, ಅರ್ಧ ನಿಮಿಷ ಮುಂದೆ, ಎರಡೂವರೆ ನಿಮಿಷ ಆಸರೆಯಲ್ಲಿ. ದಾವಣಗೆರೆಯವ್ನು ಸುಸ್ತಾದಾಗ ಅವ್ನ ಸರದಿ ಬಿಟ್ಟು ಅವ್ನನ್ನ ಒಳಗೆ ಇಟ್ಕೊಂಡ್ವಿ. ಲಿಮಿಟ್‌ಗೆ ನಾಲ್ಕು ನಿಮಿಷ ಬಾಕಿ ಇರೋವಾಗ ಗೆರೆ ದಾಟಿದ್ವಿ. ನನ್ನ ಜಾಗ 41. ನಾನು ಈ ತನಕ ಮಾಡಿದ ರೇಸ್‌ಗಳಲ್ಲಿ ಅದಕ್ಕಿಂತ ಒಳ್ಳೆ ರೇಸ್ ಮಾಡಿಲ್ಲ, ಒಂದು ಸಲ 6ನೇ ಜಾಗ ಬಂದಿದ್ದೂ ಸೇರಿ ಹೇಳ್ತಿದ್ದೇನೆ.

ಪ್ರೊ ರೇಸಿಂಗಲ್ಲಿ ಹೀಗೆ ತನ್ನ ಜಾಗ ಬಿಟ್ಟು ಇನ್ನೊಬ್ಬನಿಗೆ ದುಡಿಯೋದು ಸಂಬಳದ ಕೆಲಸ, ಡೊಮೆಸ್ಟಿಕ್ ಅಂತ ಹೆಸರು. ಕಾರಿನಿಂದ ನಾಯಕರಿಗೆ ನೀರಿನ ಬಾಟಲಿ ತರ್ತಾನೆ, ಜೆರ್ಸಿ ಒಳಗೆ ಏಳೆಂಟು ಬಾಟಲಿ ತುರುಕ್ಕೊಂಡು ಬೆನ್ನು ಉಬ್ಬಿಸ್ಕೊಂಡು ಮೇಲೆ ಬರ್ತಾನೆ, ನಾಯಕನ ಚಕ್ರ ಹೋದ್ರೆ ತನ್ನ ಚಕ್ರ ಬಿಚ್ಚಿ ಕೊಡ್ತಾನೆ. ನಮ್ಮವ್ನಿಗೆ ಸಂಬಳ ಯಾರು ಕೊಟ್ರು? ನಾನು ಈ ಪ್ರಶ್ನೆ ಎಷ್ಟೋ ಸಲ ಹಾಕ್ಕೊಂಡಿದ್ದೇನೆ. ಕೇಳಿದ್ರೆ ಅವ್ನು ಬಂದರಿನ ಮಾತು ಹೇಳ್ತಾನೆ, ಒಂದು ಬೋಟ್ ಇಂಜಿನ್ ನಿಂತ್ರೆ ಹತ್ತಿರ ಇರೋ ಬೋಟ್ ಬಲೆ ಎತ್ಕೊಂಡು ಬಂದು ಹಗ್ಗ ಕಟ್ಟಿ ಎಳ್ಕೊಂಡು ಬರ್ತದೆ, ಮೀನು ನಾಳೆ ಸಿಗ್ತದೆ ಅಂತ.

ಇವ್ನಿಗೆ ಯೋನಾಸ್ ವಿಂಗೆಗೋರ್ ಅಂದ್ರೆ ಪ್ರಾಣ, ಕಾರಣ ಊಹಿಸೋದು ಕಷ್ಟ ಇಲ್ಲ. 2022, 2023 ಎರಡು ವರ್ಷ ಟೂರ್ ಗೆದ್ದ ಈ ಡೆನ್ಮಾರ್ಕ್ ಹುಡುಗ ಪ್ರೊ ಆಗೋಕೆ ಮುಂಚೆ ಹಾನ್ಸ್ಟ್‌ಹೋಲ್ಮ್ ಅನ್ನೋ ಮೀನುಗಾರಿಕೆ ಬಂದರಲ್ಲಿ ಮೀನು ಪ್ಯಾಕ್ ಮಾಡೋ ಕೆಲಸ ಮಾಡ್ತಿದ್ದ, ಬೆಳಿಗ್ಗೆ ಐಸ್, ಮೀನು, ಬಾಕ್ಸ್, ಮಧ್ಯಾಹ್ನ ಸೈಕಲ್. ಇದನ್ನ ನಾನು ಓದಿ ಹೇಳಿದ ದಿನ ಇವ್ನು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ತನ್ನ ಎರಡೂ ಕೈ ಮುಂದೆ ಚಾಚಿ ತೋರ್ಸಿದ. ಬೆರಳ ತುದಿ ಚರ್ಮ ಐಸಿಗೆ ಬಿಳುಚಿ ಸುಕ್ಕಾಗಿತ್ತು, ಹೆಬ್ಬೆರಳ ಬುಡದಲ್ಲಿ ಬಂಗಡೆ ಮೀನಿನ ರೆಕ್ಕೆ ಮುಳ್ಳು ಚುಚ್ಚಿದ ಕಪ್ಪು ಚುಕ್ಕಿ, ಅಂಗೈಯಲ್ಲಿ ಹ್ಯಾಂಡಲ್ ಹಿಡಿದು ಆದ ಜಡ್ಡು ಬೇರೆ, ಹಗ್ಗ ಎಳೆದು ಆದ ಜಡ್ಡು ಬೇರೆ. "ಅವ್ನ ಕೈಯೂ ಹೀಗೇ ಇತ್ತು ಹಾಗಾದ್ರೆ" ಅಂದ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ. ಟೂರ್ ಬರೋದು ಸರಿಯಾಗಿ ಆ ಎರಡು ತಿಂಗಳ ಮಧ್ಯ. ಅಘನಾಶಿನಿ ಹೊಳೆ ಬಾಯಲ್ಲಿ ಬೋಟ್‌ಗಳೆಲ್ಲ ಸಾಲಾಗಿ ಟಾರ್ಪಾಲ್ ಹೊದ್ಕೊಂಡು ನಿಂತಿರ್ತವೆ, ಬಲೆ ರಿಪೇರಿ ಒಂದು ಬಿಟ್ರೆ ಕೆಲಸ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ, ಆದ್ರೆ ಸಂಜೆಗಳು ಪೂರ್ತಿ ಖಾಲಿ. ನಮ್ಮ ಟೈಮ್ ಫ್ರಾನ್ಸ್‌ಗಿಂತ ಮೂರೂವರೆ ಗಂಟೆ ಮುಂದೆ, ಸ್ಟೇಜ್ ಮುಗಿಯೋದು ರಾತ್ರಿ ಒಂಬತ್ತರ ಹೊತ್ತಿಗೆ. ಅಂಗಡಿ ಬಾಗಿಲು ಹಾಕಿ ನೋಡೋಕೆ ಅಂತಲೇ ಮಾಡಿದ ಹಾಗಿದೆ. ಕರೆಂಟ್ ಇದ್ರೆ ವಿಡಿಯೋ, ನೆಟ್‌ವರ್ಕ್ ಸರಿ ಇಲ್ದಿದ್ರೆ ಬರೀ ಅಕ್ಷರದಲ್ಲಿ ಬರೋ ಅಪ್ಡೇಟ್, ಅಟ್ಯಾಕ್ ಆಯ್ತು (ಯಾರೋ ಗುಂಪು ಬಿಟ್ಟು ಮುಂದೆ ನುಗ್ಗಿದ್ರು ಅಂತ), ಅಂತರ 40 ಸೆಕೆಂಡ್, 35 ಸೆಕೆಂಡ್, ಅಷ್ಟೇ. ಅದ್ರಲ್ಲೂ ಬೇರೆ ಒಂದು ಸುಖ ಇದೆ, ಬೆಟ್ಟ ನಾವೇ ಕಟ್ಕೋಬೇಕು, ನಾವು ಕಟ್ಕೊಳ್ಳೋ ಬೆಟ್ಟ ಯಾವಾಗ್ಲೂ ದೇವಿಮನೆ ಘಟ್ಟದ ಹಾಗೇ ಇರ್ತದೆ.

ದೇವಿಮನೆ ನಮ್ಮ ಶಾಲೆ. ಕುಮಟಾದಿಂದ ಕತಗಾಲ ತನಕ ಸಪಾಟು, ಆಮೇಲೆ ನಿಧಾನಕ್ಕೆ ಏರು, ಘಟ್ಟ ಶುರುವಾದ ಮೇಲೆ ತಿರುವಿನ ಮೇಲೆ ತಿರುವು, ಶಿರಸಿ ಕಡೆಯಿಂದ ಇಳಿಯೋ ಲಾರಿ ಬ್ರೇಕಿನ ವಾಸನೆ, ಮಳೆಗಾಲದಲ್ಲಿ ಪ್ರತಿ ತಿರುವಲ್ಲೂ ಒಂದು ಸಣ್ಣ ಝರಿ. ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಟಲೆ ನಡೆದು ಎಷ್ಟೋ ತಿಂಗಳು ಆ ಕಡೆ ಹೋಗೋಕೇ ಆಗಿಲ್ಲ, ಆಗ ಯಲ್ಲಾಪುರದ ದಾರಿಯ ಅರಬೈಲ್ ಘಟ್ಟಕ್ಕೆ ಹೋಗ್ತಿದ್ವಿ, ಅಲ್ಲಿ ಲಾರಿ ಕಾಟ ಇನ್ನೂ ಜಾಸ್ತಿ.

ಹತ್ತೋದಕ್ಕಿಂತ ಇಳಿಯೋದರ ಬಗ್ಗೆ ಒಂದು ಮಾತು ಹೇಳ್ಬೇಕು. ಮೊದ್ಲೆಲ್ಲ ನಾನು ಇಳಿಜಾರಲ್ಲಿ ಹುಚ್ಚನ ಹಾಗೆ ಬಿಡ್ತಿದ್ದೆ, ಪ್ರೊಗಳು ಬೆಟ್ಟ ಇಳಿಯೋದು ನೋಡಿ ನೋಡಿ. 2023ರ ಜೂನ್ 15ರಂದು ಟೂರ್ ಡಿ ಸ್ವಿಸ್‌ನಲ್ಲಿ ಆಲ್ಬುಲಾ ಘಟ್ಟ ಇಳಿಯುವಾಗ ಗೀನೋ ಮೇಡರ್ ಬಿದ್ದ, ಮರುದಿನ ತೀರಿಕೊಂಡ. 26 ವರ್ಷ. ತನ್ನ ಸ್ವಂತ ದೇಶದ ರೇಸ್, ದಿನಾ ಅದೇ ಕೆಲಸ ಮಾಡೋ ಹುಡುಗ. ಆ ಸುದ್ದಿ ಓದಿದ ಮೇಲೆ ಎರಡು ವಾರ ನಾನು ರೇಸ್ ನೋಡ್ಲಿಲ್ಲ. ಈಗ ಒದ್ದೆ ರಸ್ತೆಯಲ್ಲಿ ದೇವಿಮನೆ ಇಳಿಯುವಾಗ ಎರಡೂ ಬ್ರೇಕ್ ಮೇಲೆ ಬೆರಳು ಇಟ್ಕೊಂಡೇ ಇಳೀತೇನೆ, ಯಾರು ಹಿಂದಿಂದ ದಾಟಿ ಹೋದ್ರೂ ಹೋಗ್ಲಿ. ಜೊತೆಗಾರನಿಗೂ ಹಾಗೇ ಮಾಡು ಅಂತ ಕಟ್ಟುನಿಟ್ಟು ಹೇಳಿದ್ದೇನೆ, ಅವ್ನ ಆಯಿಗೆ ನಾನು ಉತ್ತರ ಕೊಡ್ಬೇಕು.

ಪ್ರೊಗಳಿಂದ ನೇರ ಎತ್ಕೊಂಡಿದ್ದು ಒಂದೇ ಒಂದು, ತಿನ್ನೋದು. ಈಗಿನ ರೈಡರ್‌ಗಳು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ತಗೋತಾರೆ, ಹಸಿವಾಗೋಕೆ ಮುಂಚೆನೇ ತಿನ್ನೋದು, ಗಡಿಯಾರ ನೋಡಿ ತಿನ್ನೋದು. ಅವ್ರ ಜೆಲ್ ಪಾಕೀಟು ನಮ್ಗೆ ದುಬಾರಿ. ನಮ್ಮಲ್ಲಿ ಜೋನಿ ಬೆಲ್ಲ ಇದೆ. ದೋಸೆಗೆ ಹಚ್ಕೊಳ್ಳೋ ಅದೇ ನೀರು ಬೆಲ್ಲ, ಬಿಸಿ ನೀರಲ್ಲಿ ಸ್ವಲ್ಪ ತೆಳು ಮಾಡಿ, ಎರಡು ಚಿಟಿಕೆ ಉಪ್ಪು, ಅರ್ಧ ಚಮಚ ಮುರುಗಲು ಹುಳಿ ಹಾಕಿ ಅಲ್ಲಾಡ್ಸಿ, ಒತ್ತಿದ್ರೆ ಬರೋ ಸಣ್ಣ ಬಾಟಲಿಗೆ ತುಂಬ್ಕೊಂಡು ಜೆರ್ಸಿ ಜೇಬಲ್ಲಿ ಇಟ್ಕೊಳ್ತೇವೆ. ತೆಳು ಮಾಡದೇ ಹಾಗೇ ತಗೊಂಡ್ರೆ ಗಂಟಲಲ್ಲಿ ನಿಲ್ತದೆ, ಬರೀ ಸಿಹಿ ಆದ್ರೆ ಮೂರನೇ ಗಂಟೆಗೆ ಬೇಡ ಅನ್ನಿಸ್ತದೆ, ಆ ಹುಳಿ ಇದ್ರೆ ಇನ್ನೂ ಬೇಕು ಅನ್ನಿಸ್ತದೆ. ನಾಲ್ಕು ವರ್ಷದಿಂದ ಇದೇ. ಹೊಟ್ಟೆ ಒಂದು ದಿನ ಕೆಟ್ಟಿಲ್ಲ.

ಇನ್ನು ನಮ್ಮಂಥ ಅಮೆಚೂರ್‌ಗಳಿಗೆ ಒಬ್ಬ ದೇವರು ಅಂತ ಇದ್ರೆ ಅದು ಆನಾ ಕೀಸನ್‌ಹೋಫರ್. 2021ರ ಜುಲೈ 25, ಭಾನುವಾರ, ಟೋಕಿಯೋ ಒಲಿಂಪಿಕ್ಸ್ ಮಹಿಳೆಯರ ರೋಡ್ ರೇಸ್, 137 ಕಿಲೋಮೀಟರ್. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಊಟದ ಹೊತ್ತಿಗೆ ಮುಗೀತು, ನಾನು ಅನ್ನ ಸಾರು ಕಲಸಿಕೊಂಡ ತಟ್ಟೆ ಹಾಗೇ ಇತ್ತು. ಆಸ್ಟ್ರಿಯಾದ ಈ ಹೆಣ್ಣುಮಗಳು ಗಣಿತದಲ್ಲಿ ಡಾಕ್ಟರೇಟ್ ಮಾಡಿದವ್ರು, ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಸಂಶೋಧನೆ ಮಾಡ್ತಿದ್ರು, ಆ ವರ್ಷ ಯಾವ ಪ್ರೊ ಟೀಂನಲ್ಲೂ ಇರ್ಲಿಲ್ಲ, ಟ್ರೈನಿಂಗ್, ಊಟ, ರೇಸ್ ಪ್ಲಾನ್ ಎಲ್ಲಾ ತಾವೇ. ರೇಸ್ ಶುರುವಾದ ಕ್ಷಣಕ್ಕೇ ಅಟ್ಯಾಕ್ ಮಾಡಿದ್ರು. ನಾಲ್ಕು ಜನ ಜೊತೆಗೆ ಬಂದ್ರು, ಹತ್ತು ನಿಮಿಷಕ್ಕೂ ಜಾಸ್ತಿ ಮುಂದೆ ಹೋದ್ರು, ಹಿಂದೆ ದೊಡ್ಡ ದೊಡ್ಡ ಹೆಸರಿನ ಡಚ್ ಟೀಂ ಇವ್ರನ್ನ ಲೆಕ್ಕಕ್ಕೇ ಇಟ್ಕೊಳ್ಲಿಲ್ಲ. ಸುಮಾರು 40 ಕಿಲೋಮೀಟರ್ ಬಾಕಿ ಇರೋವಾಗ ಉಳಿದವ್ರನ್ನೂ ಬಿಟ್ಟು ಒಬ್ಬರೇ ಹೋದ್ರು. ಒಲಿಂಪಿಕ್ಸ್‌ನಲ್ಲಿ ಟೀಂನವ್ರು ರೈಡರ್ ಕಿವಿಗೆ ಸುದ್ದಿ ಹೇಳೋ ರೇಡಿಯೋ ಇರಲ್ಲ, ಮುಂದೆ ಇನ್ನೊಬ್ಬರು ಇದ್ದಾರೆ ಅಂತ ಹಿಂದಿನ ಎಷ್ಟೋ ಜನಕ್ಕೆ ಗೊತ್ತೇ ಆಗ್ಲಿಲ್ಲ, ಎರಡನೇ ಬಂದ ಆನೆಮೀಕ್ ಫಾನ್ ಫ್ಲೂಟನ್ ತಾನೇ ಗೆದ್ದೆ ಅಂತ ಕೈ ಎತ್ತಿದ್ರು. 75 ಸೆಕೆಂಡ್ ಮೊದಲೇ ಕೀಸನ್‌ಹೋಫರ್ ಗೆರೆ ದಾಟಿ ನೆಲದ ಮೇಲೆ ಬಿದ್ಕೊಂಡಿದ್ರು. ನೋಡಿದವ್ರೆಲ್ಲ ಅದೃಷ್ಟ ಅಂದ್ರು. ನಾನು ಒಪ್ಪಲ್ಲ. ಅವ್ರನ್ನ ಯಾರೂ ಲೆಕ್ಕಕ್ಕೆ ಇಟ್ಟಿಲ್ಲ ಅನ್ನೋದನ್ನೂ ಅವ್ರು ಲೆಕ್ಕಕ್ಕೆ ತಗೊಂಡಿದ್ರು ಅಂತ ನನ್ನ ನಂಬಿಕೆ.

ನನ್ನ ಅಪ್ಪ ಇವತ್ತಿಗೂ ಕೇಳ್ತಾರೆ, ಅವ್ರೆಲ್ಲ ಔಷಧ ತಗೊಂಡು ಓಡಿಸೋದಲ್ವನಾ ಅಂತ. 2012ರಲ್ಲಿ ನಿಷೇಧಿತ ಔಷಧ ತಗೊಂಡಿದ್ದಕ್ಕೆ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಗೆಲುವು ಕಿತ್ಕೊಂಡಿದ್ದು ಪೇಪರಲ್ಲಿ ಬಂದಿತ್ತು, ಅದೊಂದೇ ಅಪ್ಪನಿಗೆ ನೆನಪು. ತಗೊಂಡವ್ರು ಇದ್ರು, ಇಡೀ ಒಂದು ಕಾಲವೇ ಹಾಳಾಗಿತ್ತು, ಅದನ್ನ ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ನಾನು ಅಪ್ಪನಿಗೆ ಹೇಳೋದು ಇಷ್ಟೇ, ಆ ವರ್ಷಗಳಲ್ಲೂ ಕೊನೇ ಗುಂಪಲ್ಲಿ ನೀರು ಹೊತ್ತವ್ರು ಇದ್ರು, ಅವ್ರ ಹೆಸರು ಯಾವ ಪೇಪರಲ್ಲೂ ಬರ್ಲಿಲ್ಲ.

ಮತ್ತೆ ಆ ಶನಿವಾರಕ್ಕೆ ಬರ್ತೇನೆ. ಮುಂದೆ ರೊಮೆಯ್ನ್ ಬಾರ್ಡೆ ಗೆದ್ದ, ಅದೂ ಕಣ್ಣು ತುಂಬೋ ಗೆಲುವೇ, ಅವ್ನದ್ದು ಕೊನೇ ಟೂರ್, ಜೊತೆಗಿದ್ದ ಅವನದ್ದೇ ಟೀಂನ ಫ್ರಾಂಕ್ ಫಾನ್ ಡೆನ್ ಬ್ರೂಕ್‌ಗೆ ಅದು ಮೊದಲನೇ ಟೂರ್, ದಿನವಿಡೀ ಮುಂದೆ ಇದ್ದು ಸೋತ ಕಾಲಲ್ಲಿ ಆ ಹುಡುಗ ಬಾರ್ಡೆಯನ್ನ ಎಳ್ಕೊಂಡು ಬಂದ, ಹಿಂದೆ ದೊಡ್ಡ ಗುಂಪು ಮೈಮೇಲೆ ಬರ್ತಿದೆ, ಕೆಲವೇ ಸೆಕೆಂಡ್ ಅಂತರದಲ್ಲಿ ಇಬ್ರೂ ಒಟ್ಟಿಗೆ ಗೆರೆ ದಾಟಿದ್ರು. ಸಾಮಾನ್ಯ ದಿನ ಆಗಿದ್ರೆ ನಾವು ಅಲ್ಲಿಗೆ ಮೊಬೈಲ್ ಆಫ್ ಮಾಡಿ ಮನೆಗೆ ಹೋಗ್ತಿದ್ವಿ. ಆ ದಿನ ಹೋಗ್ಲಿಲ್ಲ. ಬ್ಯಾಟರಿ 9 ಪರ್ಸೆಂಟ್ ಇತ್ತು, ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಒಂದೇ ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ. ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ ದಾಟ್ತು. ಜೊತೆಗಾರ ಬಿಲ್ ಪುಸ್ತಕದ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕ್ತಾ ಇದ್ದ. ಕೊನೆಗೆ ಬಂದ್ರು, ಟೀಂನವ್ರ ಮಧ್ಯ ಕ್ಯಾವೆಂಡಿಶ್, ಹೆಲ್ಮೆಟ್ ಕೆಳಗೆ ಮುಖ ಸುಣ್ಣದ ಹಾಗೆ. ಲಿಮಿಟ್ ಒಳಗೇ. ಅದೇ ದಿನ ಆ ಟೀಂನ ಇನ್ನೊಬ್ಬ ಹುಡುಗ ಗಾಟ್ಸೋಲಿ ರೇಸ್ ಬಿಟ್ಟುಕೊಡ್ಬೇಕಾಯ್ತು, ಅವ್ನ ಟೂರ್ ಒಂದೇ ದಿನಕ್ಕೆ ಮುಗೀತು, ಅದನ್ನ ನೆನೆಸ್ಕೊಂಡ್ರೆ ಈಗಲೂ ಬೇಜಾರು.

ಜುಲೈ 3, ಬುಧವಾರ, ಐದನೇ ಸ್ಟೇಜ್, ಸಾಂ ವ್ಯೂಲ್ಬಾ. ಅವತ್ತು ಕರೆಂಟ್ ಇತ್ತು. ಕೊನೇ ಕಿಲೋಮೀಟರಲ್ಲಿ ಕ್ಯಾವೆಂಡಿಶ್ ಒಬ್ಬನ ಚಕ್ರದ ಹಿಂದಿಂದ ಇನ್ನೊಬ್ಬನ ಚಕ್ರದ ಹಿಂದಕ್ಕೆ ಹಾರಿ, ಒಂದು ಸಂದು ಹುಡುಕಿ, ತಲೆ ಹ್ಯಾಂಡಲ್ ಮೇಲೆ ಬಗ್ಗಿಸಿ ತುಳಿದ. 35. ಮರ್ಕ್ಸ್ ದಾಖಲೆ ಹೋಯ್ತು. ನಾನು ಅಂಗಡಿಯಲ್ಲಿ ಎದ್ದು ನಿಂತು ಕೂಗಿದ್ದಕ್ಕೆ ಪಕ್ಕದ ಮೆಡಿಕಲ್ ಶಾಪಿನವ್ರು ಏನಾಯ್ತು ಅಂತ ಓಡಿ ಬಂದ್ರು. ಜೊತೆಗಾರ ಕೂಗ್ಲಿಲ್ಲ. ಬೆರಳಲ್ಲಿ ಸ್ಕ್ರೀನ್ ತೋರಿಸ್ತಾ ಇದ್ದ, ಕ್ಯಾಮರಾ ಕ್ಯಾವೆಂಡಿಶ್ ಮೇಲಿತ್ತು, ಇವ್ನು ತೋರಿಸ್ತಾ ಇದ್ದಿದ್ದು ಹಿಂದೆ ಮಸುಕಾಗಿ ಕಾಣೋ ಅದೇ ಬಣ್ಣದ ಜೆರ್ಸಿಗಳನ್ನ, ಅವ್ರೂ ಗೆದ್ದವ್ರ ಹಾಗೆ ಬರ್ತಿದ್ರು.

"ಆ ದಿನ ನೀರು ಹೊಯ್ದವ್ನು ಯಾರು ಇವ್ರಲ್ಲಿ" ಅಂತ ಕೇಳಿದ.

ಗೊತ್ತಾಗ್ಲಿಲ್ಲ. ನಾವು ವಿಡಿಯೋ ಹಿಂದೆ ಎಳೆದು ಎಳೆದು ನೋಡಿದ್ವಿ.

ಆ ಟೂರ್ ನಾವು ಕೊನೇ ತನಕ ನೋಡೋಕೆ ಆಗ್ಲಿಲ್ಲ. ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು, ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಕೊಂಡಿದ್ದ ಕುಟುಂಬ, ನಿಂತಿದ್ದ ಲಾರಿ, ಎಲ್ಲಾ ಗಂಗಾವಳಿ ಹೊಳೆಗೆ. ನಾವು ಗೋಕರ್ಣ ತಿರುವು ದಾಟಿ ಅಂಕೋಲಾಕ್ಕೆ ಸೈಕಲ್ ಹೊಡೆಯೋ ದಾರಿ ಅದು. ಆ ವಾರ ಯಾರಿಗೆ ಏನು ನೋಡೋ ಮನಸ್ಸಿರ್ತದೆ. ಅಂಗಡಿಯಲ್ಲಿ ಕೂತು ನಂಗೆ ನಂಬೋಕೇ ಆಗ್ತಿರ್ಲಿಲ್ಲ, ಆ ಗುಡ್ಡದ ಕೆಳಗೆ ನಾವು ಎಷ್ಟು ಸಲ ಸೈಕಲ್ ನಿಲ್ಸಿದ್ದೇವೋ.

ಆಗಸ್ಟ್ 1ಕ್ಕೆ ಬೋಟ್‌ಗಳು ಇಳಿದ್ವು. ಹಿಂದಿನ ದಿನ ಬೆಳಿಗ್ಗೆ ಇಬ್ರೂ ಕತಗಾಲ ಕಡೆ ಹೋಗಿದ್ವಿ. ಎರಡು ದಿನದಿಂದ ಜ್ವರ ಬಿಟ್ಟಿದ್ದ ಮೈ ನಂದು, ಸಪಾಟಲ್ಲೇ ಉಸಿರು ಸಾಲ್ತಿರ್ಲಿಲ್ಲ. ನೀನು ಹೋಗಿ ಘಟ್ಟ ಹತ್ತಿ ಬಾ, ನಾನು ಇಲ್ಲೇ ಚಹಾ ಕುಡೀತಾ ಕೂರ್ತೇನೆ ಅಂದೆ, ನಾಳೆಯಿಂದ ಅವ್ನಿಗೆ ಸೈಕಲ್ ಮುಟ್ಟೋಕೆ ಸಮಯ ಸಿಗಲ್ಲ ಅಂತ ಗೊತ್ತಿತ್ತು. ಅವ್ನು ಕೇಳಿಸ್ಕೊಂಡ ಹಾಗೆ ಮಾಡ್ಲಿಲ್ಲ. ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೆದ, ಪಕ್ಕಕ್ಕೆ ಬಂದು ನನ್ನ ಕುತ್ತಿಗೆ ಮೇಲೆ ನೀರು ಸುರಿದ, ಮಳೆ ಹನೀತಾ ಇತ್ತು, ನೀರಿನ ಅಗತ್ಯವೇ ಇರ್ಲಿಲ್ಲ. ಆಮೇಲೆ ನನ್ನ ಮುಂದೆ ಬಂದು, ಮೊಣಕೈ ಒಂದು ಸಲ ಅಲ್ಲಾಡ್ಸಿ, ನಾನು ಹಿಡಿಯೋಕೆ ಆಗೋ ಅಷ್ಟೇ ಸ್ಪೀಡಲ್ಲಿ ತುಳಿಯೋಕೆ ಶುರು ಮಾಡ್ದ.